ಚೆನ್ನರಾಯಪ್ಪನೂ ನೂರಕ್ಕೆ ನಾಲ್ಕು ಅಂಕದ ಕೆರೆಯೂ

ದಿಬ್ಬೂರಹಳ್ಳಿ ಕಡೆಯ ಆ ಊರಿನಲ್ಲಿ ಚೆನ್ನರಾಯಪ್ಪನಂಥ ವೀರ ಇನ್ನೊಬ್ಬನಿರಲಿಲ್ಲ. ಅವನ ಆಯುಧಗಳು ಎರಡೇ: ‘ಏನೂ ಇಲ್ಲ’ ಎಂಬ ಮಾತು ಮತ್ತು ನಡುವೆ ಅಂಗೈಯಗಲ ತೂತಿದ್ದ ಹಳೆಯ ಟವಲು. ನಲವತ್ತು ವರ್ಷಗಳಿಂದ ಊರಿಗೆ ಯಾವ ಸರ್ಕಾರಿ ಜೀಪು ಬಂದರೂ, ಬೆಳೆಹಾನಿ ಎನ್ನಲಿ, ದನಗಣತಿ ಎನ್ನಲಿ, ಜನ ಅವನನ್ನೇ ಮುಂದೆ ಬಿಡುತ್ತಿದ್ದರು. ಮನೆಯಲ್ಲಿ ಮೂರು ಸೀಮೆಹಸು, ಒಂದೂವರೆ ಎಕರೆ ಹಿಪ್ಪುನೇರಳೆ, ರೇಷ್ಮೆಹುಳು ಸಾಕುವ ಕೋಣೆ ಎಲ್ಲವೂ ಇದ್ದವು. ಆದರೆ ಟವಲು ಹೆಗಲೇರಿತೆಂದರೆ ಅವನ ಕೆನ್ನೆಗಳು ತಾವಾಗಿಯೇ ಒಳಗೆ ಹೋಗುತ್ತಿದ್ದವು. ಕನ್ನಡದ ಸಾಹೇಬರಿಗೆ ‘ಏನೂ ಇಲ್ಲ ಸ್ವಾಮಿ’, ತೆಲುಗಿನವರಿಗೆ ‘ಏಮೀ ಲೇದು ಸಾಮಿ’. ಊರಿನ ಹೆಸರು ಪರಿಹಾರದ ಪಟ್ಟಿ ಸೇರುತ್ತಿತ್ತು. ಅದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಅವನೂ ಯೋಚಿಸಿರಲಿಲ್ಲ. ಮಳೆ ಕೈಕೊಟ್ಟ ವರ್ಷಗಳೂ ಬೇಕಾದಷ್ಟಿದ್ದವಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಶ್ರೀವಲ್ಲಿ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಿಳಿದಳು. ಚಿಂತಾಮಣಿಯ ಮೇಷ್ಟರೊಬ್ಬರ ಮಗಳು; ಒಂದು ಸಮೀಕ್ಷಾ ಸಂಸ್ಥೆಯಲ್ಲಿ ಕೆಲಸ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳ ಕೆರೆಗಳು ಜನರಿಗೆ ಏನೇನು ಕೊಡುತ್ತವೆ ಎಂದು ಕೇಳಿ, ಅಂಕ ಹಾಕಿ, ಒಂದಕ್ಕೊಂದು ಹೋಲಿಸಿ ನೋಡಿ, ಯಾವುದನ್ನು ಉಳಿಸಬೇಕೆಂದು ಯೋಜನೆ ಮಾಡುತ್ತಾರಂತೆ. ಇಷ್ಟನ್ನೂ ಅವಳು ಬಿಡಿಸಿ ಹೇಳಿದಳು. ಚೆನ್ನರಾಯಪ್ಪನ ಕಿವಿಗೆ ಬಿದ್ದದ್ದು ‘ಸಮೀಕ್ಷೆ’ ಎಂಬ ಒಂದೇ ಪದ. ಟವಲು ಹೆಗಲೇರಿತು.

“ಕೆರೆ ತುಂಬಿದ್ರೆ ಬೋರ್‌ವೆಲ್‌ನಲ್ಲಿ ನೀರು ಏರುತ್ತಾ ತಾತ?”

“ಎಲ್ಲಿ ಏರ್ತೈತಮ್ಮ?”

“ದನಕ್ಕೆ ಹುಲ್ಲು?”

“ಏನೂ ಇಲ್ಲ ತಾಯಿ.”

“ಹೊಲಕ್ಕೆ ಕೆರೆಯ ಗೋಡುಮಣ್ಣು, ಸೊಪ್ಪು, ನೆರಳು?”

“ನೆರಳಾ? ನಮಗೆ ಬಿಸಿಲಿಗೇ ಗತಿ ಇಲ್ಲ!”

ಹಿಂದೆ ನಿಂತವರು ಹೆಮ್ಮೆಯಿಂದ ತಲೆದೂಗಿದರು. ಚೆನ್ನರಾಯಪ್ಪ ಯುದ್ಧ ಗೆದ್ದವನಂತೆ ಸಹಿ ಹಾಕಿದ.

ತಿಂಗಳ ನಂತರ ಪಂಚಾಯಿತಿ ಗೋಡೆಯ ಮೇಲೆ ಪಟ್ಟಿ ಬಂತು. ಊರ ಕೆರೆಗೆ ನೂರಕ್ಕೆ ನಾಲ್ಕು ಅಂಕ, ನಾಲ್ಕು ತಾಲ್ಲೂಕಿಗೂ ಕಡೆಯ ಸ್ಥಾನ. ಆ ನಾಲ್ಕೂ ಶ್ರೀವಲ್ಲಿ ಕಣ್ಣಾರೆ ಕಂಡ ಕೊಕ್ಕರೆಗಳ ಪುಣ್ಯ. ಗೌರಿಬಿದನೂರು ಕಡೆಯ ಕುಡುಮಲಕುಂಟೆಯ ಕಾರ್ಖಾನೆಗಳ ಪಕ್ಕದ ಹೊಂಡಕ್ಕೂ ಮೂವತ್ತೊಂದು ಬಂದಿತ್ತು; ಅಲ್ಲಿನ ಕೆಲಸಗಾರರು ದಡದ ಹೊಂಗೆ ಮರದಡಿ ಬುತ್ತಿ ಬಿಚ್ಚುತ್ತೇವೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಪಟ್ಟಿಯ ಅಡಿಯಲ್ಲಿ ಇನ್ನೆರಡು ಸಾಲು: ಹತ್ತಕ್ಕಿಂತ ಕಡಿಮೆ ಅಂಕದ ಕೆರೆಗಳನ್ನು ಉಳಿಸುವ ನಕ್ಷೆಯಿಂದ ಕೈಬಿಡಲಾಗುವುದು. ಆಕ್ಷೇಪಣೆಗೆ ಹದಿನೈದು ದಿನ.

ಹೆಂಡತಿ ರಾಮಲಕ್ಷ್ಮಮ್ಮ ಸುಮ್ಮನಿರಲಿಲ್ಲ. “ಕೊಕ್ಕರೆ ಉಳಿಸಿದ ಮರ್ಯಾದೆ ನೀವು ಕಳೆದ್ರಿ. ಸಾರಿಗೆ ಕೆರೆದಡದ ಬೆರಕೆಸೊಪ್ಪು ಇನ್ಮೇಲೆ ಎಲ್ಲಿ ಕೀಳ್ಲಿ, ನಿಮ್ಮ ತಲೆ ಮೇಲಾ?”

ಚೆನ್ನರಾಯಪ್ಪ ಶ್ರೀವಲ್ಲಿಗೆ ಫೋನ್ ಮಾಡಿದ. ಮತ್ತೆ ನೋಡಬಹುದು, ಆದರೆ ಮೊದಲ ಉತ್ತರ ಯಾಕೆ ತಪ್ಪಾಯಿತೆಂದು ಸಹಿ ಹಾಕಿದವರೇ ಬರೆದುಕೊಡಬೇಕು ಎಂದಳು. ಇದು ಊರಿಗೆಲ್ಲ ಹರಡಿ, ಪಕ್ಕದ ಮನೆಯ ರಮೇಶ್‌ಬಾಬು ಓಡಿಬಂದ.

“ಒಂದ್ಸಲ ಐತೆ ಅಂದ್ರೆ ಮುಂದೆ ಯಾವ ಪರಿಹಾರವೂ ಬರಲ್ಲ ಕಣಣ್ಣೋ. ನಲವತ್ತು ವರ್ಷದ ಹೆಸರು!”

“ಹೆಸರಿಟ್ಕೊಂಡು ಹಸೂಗೆ ಹಾಕಕ್ಕಾಯ್ತದೇನೋ?” ಎಂದೇನೋ ಚೆನ್ನರಾಯಪ್ಪ ಅಂದ; ಆದರೆ ಅವನಿಗೆ ಎರಡು ದಿನ ಊಟ ರುಚಿಸಲಿಲ್ಲ.

ಶ್ರೀವಲ್ಲಿ ಬಂದ ದಿನ ಅವನು ಮದುವೆಮನೆಯ ಬಿಳಿ ಅಂಗಿ ತೊಟ್ಟು ಕೆರೆ ಏರಿಯ ಮೇಲೆ ನಿಂತಿದ್ದ.

“ಹುಲ್ಲು ಇದೆಯಾ ತಾತ?”

“ಇಲ್ಲ,” ಎಂದಿತು ನಾಲಗೆ. ಅವನದೇ ಹಸು ಎದುರಿಗೇ ಬಾಯ್ತುಂಬ ಮೇಯುತ್ತಿತ್ತು. ರಾಮಲಕ್ಷ್ಮಮ್ಮ ಮೊಣಕೈಯಿಂದ ತಿವಿದಳು.

“ಐತೆ,” ಎಂದ ಚೆನ್ನರಾಯಪ್ಪ.

ಮೊದಲನೆಯ ‘ಐತೆ’ ಹಲ್ಲು ಕಿತ್ತ ಹಾಗಿತ್ತು. ಆಮೇಲೆ ಒಂದೊಂದಾಗಿ ಬಂದವು. ಹಿಪ್ಪುನೇರಳೆ ತೋಟಕ್ಕೆ ಹೊಡೆಸಿದ ಗೋಡು. ಕೆರೆಗೆ ನೀರು ಬಂದ ವರ್ಷ ಬೋರ್‌ವೆಲ್ಲಿಗೆ ಬಂದ ಜೀವ. ಹೇಳುತ್ತ ಹೇಳುತ್ತ ಅವನ ದನಿ ತಗ್ಗಿತು. ಇಲ್ಲ ಇಲ್ಲ ಎಂದು ಬಂದವರಿಗೆ ಹೇಳಿ ಹೇಳಿ, ಇದ್ದದ್ದು ತನ್ನ ಕಣ್ಣಿಗೇ ಕಾಣದೆ ಹೋಗಿತ್ತು. ಸಾಹೇಬರಿಗಿಂತ ಚೆನ್ನಾಗಿ ಆ ಮಾತನ್ನು ನಂಬಿದವನು ತಾನೇ.

“ಬೇರೆ ಏನಾದ್ರೂ?”

“ಸಂಜೆ ಬಂದು ಸುಮ್ನೆ ಕೂತ್ಕೋತೀನಿ. ಅದನ್ನ ಬರೀಬೇಡ, ನಗ್ತಾರೆ.”

“ಅದಕ್ಕೂ ಅಂಕ ಇದೆ ತಾತ.”

“ಸುಮ್ನೆ ಕೂತಿದ್ದಕ್ಕಾ? ಹಂಗಾದ್ರೆ ನಮ್ಮ ರಮೇಶ್‌ಬಾಬು ಒಬ್ನೇ ಸಾಕು, ನೂರಕ್ಕೆ ನೂರು!”

ಕೊನೆಗೆ, ಮೊದಲ ಉತ್ತರ ಯಾಕೆ ತಪ್ಪಾಯಿತೆಂದು ಬರೆಯಬೇಕಾದ ಹಾಳೆ ಬಂತು. ಚೆನ್ನರಾಯಪ್ಪ ಪೆನ್ನು ತೆಗೆದುಕೊಂಡು ಬರೆದ: ‘ಏನೂ ಇಲ್ಲ ಎಂದದ್ದು ನಾನು. ಕೆರೆಯ ತಪ್ಪಿಲ್ಲ.’

ಹೊಸ ಪಟ್ಟಿಯಲ್ಲಿ ಕೆರೆಗೆ ಐವತ್ತೇಳು ಬಂತು, ನಕ್ಷೆಯಲ್ಲಿ ಉಳಿಯಿತು.

ಆ ವರ್ಷ ರಾಗಿ ಕೈಗೆ ಹತ್ತಲಿಲ್ಲ. ಬೆಳೆಹಾನಿ ನೋಡಲು ಜೀಪು ಬಂದಾಗ ಚೆನ್ನರಾಯಪ್ಪ ಅಭ್ಯಾಸಬಲದಿಂದ ಟವಲು ಕೇಳಿದ. ರಾಮಲಕ್ಷ್ಮಮ್ಮ ಅದರ ತುಂಬ ಬೆರಕೆಸೊಪ್ಪು ಕಟ್ಟಿಕೊಂಡು ಕೆರೆಯಿಂದ ಬರುತ್ತಿದ್ದಳು.

“ತೂತು ಹೊಲ್ದಿದೀನಿ. ಸೊಪ್ಪು ಉದುರ್ತಿತ್ತು,” ಎಂದಳು.

ಅವನು ಬರಿಯ ಹೆಗಲಲ್ಲೇ ಹೋದ.

“ಏನು ಯಜಮಾನ್ರೇ, ಈ ಸಲಾನೂ ಏನೂ ಇಲ್ವಾ?” ಸಾಹೇಬರು ನಕ್ಕರು.

“ರಾಗಿ ಇಲ್ಲ ಸ್ವಾಮಿ, ಹಿಪ್ಪುನೇರಳೆ ಐತೆ. ಎರಡೂ ತೋರಿಸ್ತೀನಿ, ಬನ್ನಿ.”

ಸಾಹೇಬರು ನಗು ನಿಲ್ಲಿಸಿ, ಜೀಪಿನಿಂದ ಇಳಿದು, ಅವನ ಹಿಂದೆ ಹೊಲದ ಕಡೆ ನಡೆದರು. ನಲವತ್ತು ವರ್ಷದಲ್ಲಿ ಹಾಗೆ ಯಾವ ಸಾಹೇಬರೂ ಇಳಿದಿರಲಿಲ್ಲ.