ತೊಡೆಯ ಅಳತೆ

ವೆಲ್ಡಿಂಗ್ ಅಂಗಡಿಯವನಿಗೆ ಹುಬ್ಬೇ ಇರಲಿಲ್ಲ. ಕಿಡಿ ಸಿಡಿದು ಸಿಡಿದು ಸುಟ್ಟುಹೋಗಿದ್ದವು. ಸಿಟ್ಟಿನಲ್ಲಿದ್ದಾನೋ ನಗುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ. ಮಾನ್ವಿ ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಕಿಟಕಿ, ಗೇಟು, ಎತ್ತಿನ ಬಂಡಿ ಅವನ ಕೆಲಸ. ಟೇಪು ಮುಟ್ಟುತ್ತಿರಲಿಲ್ಲ. ದಾರ ಹಿಡಿದು ಅಳತೆಗೆ ಗಂಟು ಹಾಕಿ, ಮೊಳೆಗೆ ತೂಗುಹಾಕುತ್ತಿದ್ದ.

ನನ್ನ ಮೊಮ್ಮಗಳಿಗೆ ಹುಟ್ಟಿನಿಂದ ಬೆನ್ನು ನಿಲ್ಲುವುದಿಲ್ಲ, ಕೈಗೆ ಹಗ್ಗ ಹಿಡಿಯಲು ಬರುವುದಿಲ್ಲ. ಬಾಯಿ ಮಾತ್ರ ಜೋರು. ಪಂಚಮಿಗೆ ನಮ್ಮ ಹಿರೇಕೊಟ್ನೆಕಲ್ಲಿನ ಹುಡುಗಿಯರೆಲ್ಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಜೀಕುವಾಗ, ನಾನು ಇವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಜೀಕುತ್ತಿದ್ದೆ. ಏಳು ವರ್ಷ ತುಂಬಿದಾಗ ಹೇಳಿದಳು: "ಆಯೀ, ಈ ಸರಿ ನೀ ಇಳಿ. ನಾ ಒಬ್ಬಾಕಿನ ಆಡ್ತೀನಿ."

ನನಗೂ ಅದೇ ಚಿಂತೆ. ನನ್ನ ತೊಡೆ ಇನ್ನೆಷ್ಟು ದಿನ?

ಅವಳನ್ನು ಹೊತ್ತುಕೊಂಡು ಮಾನ್ವಿಯ ಆ ಅಂಗಡಿಗೆ ಹೋದೆ. ಅವನು ಗೋಣಿಚೀಲದ ಮೇಲೆ ಅವಳನ್ನು ಮಲಗಿಸಿ ಅಳೆದ. ವಾರದಲ್ಲಿ ಕಬ್ಬಿಣದ ಕುರ್ಚಿ ಮಾಡಿ, ಸರಪಳಿ ಹಾಕಿ ಅಂಗಡಿಯ ತೊಲೆಗೆ ತೂಗುಬಿಟ್ಟ. ಕೂಡಿಸಿದರೆ ಬಾಯಿ ಬಿಚ್ಚಿದ ಜೋಳದ ಚೀಲದಂತೆ ಜಾರಿದಳು. ನಾನು ಹಳೆಯ ಸೀರೆಯಿಂದ ಬಿಗಿದು ಕಟ್ಟಿದೆ.

"ಆಡ್ಸಾಕ ಹತ್ತೀಯೋ, ಕಟ್ಟಿಹಾಕಾಕ ಹತ್ತೀಯೋ?" ಎಂದಳು.

ಅವನು ಬಂದು ಆ ಕಟ್ಟು ಬಿಚ್ಚಿದ. "ಕಬ್ಬಿಣ ಬೇಕಾದಂಗ ಬಗ್ಗಸ್ತೀನಿ ಯವ್ವಾ, ಕೂಸಿನ್ನ ಯಾಕ ಬಗ್ಗಸ್ತಿ?" ಎಂದು ಬೀಡಿ ಹಚ್ಚಿ ಕೂತ. ನಾನು ಅವಳನ್ನು ತೊಡೆಗೆ ಎಳೆದುಕೊಂಡು ನೀರು ಕುಡಿಸುತ್ತಿದ್ದೆ. ಅವನು ನೋಡುತ್ತಲೇ ಇದ್ದ.

"ಅಲ್ಲಿ ಯಾಕ ಜಾರಂಗಿಲ್ಲ ಆಕಿ?"

"ಏಳು ವರ್ಷ ಹಿಂಗ ಕುಂತಾಳ."

"ಹಂಗಾರ ನಾ ತಪ್ಪು ಅಳತಿ ತಗೊಂಡೀನಿ. ನೀ ಅಲ್ಲಾಡಬ್ಯಾಡ."

ದಾರದ ತುದಿ ನನ್ನ ಕೈಗೇ ಕೊಟ್ಟು, ದೂರ ನಿಂತು ನನ್ನ ಅಳತೆ ತೆಗೆದ. ಮೊಣಕಾಲು ಎಷ್ಟು ಎತ್ತರ, ತೊಡೆ ಎಲ್ಲಿ ತಗ್ಗು, ಮೊಳಕೈ ಎಲ್ಲಿ ಅಡ್ಡ ಬರುತ್ತದೆ, ಎಲ್ಲಕ್ಕೂ ಒಂದೊಂದು ಗಂಟು, ಒಟ್ಟು ಏಳು.

"ಮುದುಕಿ ತೊಡಿ ಅಳ್ಯಾವ ನೀನೊಬ್ಬನ ನೋಡು" ಎಂದೆ.

"ಬಂಡಿಗೂ ಹಿಂಗ ಅಳೀತೀನಿ, ನಾಚಬ್ಯಾಡ."

ಪಂಚಮಿಯ ದಿನ ತಾನೇ ಹೊಸ ಜೋಕಾಲಿ ತಂದು ಬೇವಿಗೆ ಕಟ್ಟಿದ. ಕೂರುವ ಜಾಗ ಹಿಂದೆ ತಗ್ಗು, ಮುಂದೆ ಎತ್ತರ. ಎರಡೂ ಕಡೆ ತೋಳಿನಂತೆ ಬಗ್ಗಿದ ಪೈಪು, ಮೇಲೆ ಕೌದಿ. ಮೊದಲು ತಾನು ಕೂತು, ಮೈ ಸಡಿಲ ಬಿಟ್ಟು ಜೀಕಿಸಿಕೊಂಡು ನೋಡಿದ. ಓಣಿಯವರು ನಕ್ಕರು. ಆಮೇಲೆ ಅವಳನ್ನು ಕೂಡಿಸಿದ. ನಾನು ಹಿಡಿದುಕೊಂಡೇ ನಿಂತಿದ್ದೆ.

"ಕೈ ಬಿಡು ಆಯೀ."

ಬಿಟ್ಟೆ. ಜಾರಲಿಲ್ಲ.

ಹೋದ ಬೇಸಿಗೆಯಲ್ಲಿ ಅವನು ತೀರಿಕೊಂಡ. ಮಾತನಾಡಿಸಲು ಹೋದಾಗ ಅವನ ಹೆಂಡತಿ ಮೊಳೆಯ ಮೇಲಿನ ದಾರಗಳನ್ನು ತೋರಿಸಿ, "ಯಾವುದು ಯಾರದು ತಿಳಿವಲ್ದು" ಎಂದಳು. ಏಳು ಗಂಟಿನ ನನ್ನ ದಾರವನ್ನು ಮೊಳೆಯಿಂದ ತೆಗೆದುಕೊಂಡೆ.

ಈಗ ಮೊಮ್ಮಗಳು ಬೆಳೆದಿದ್ದಾಳೆ, ಆ ಜೋಕಾಲಿ ಸಾಲದು. ಮೊನ್ನೆ ಕವಿತಾಳದ ವೆಲ್ಡಿಂಗ್ ಅಂಗಡಿಗೆ ಹೋದೆವು. ಅಲ್ಲಿಯವನು ಟೇಪು ಎಳೆಯುತ್ತ ಬಂದ. ನಾನು ಎಲೆಯಡಿಕೆ ಸಂಚಿಯಿಂದ ದಾರ ತೆಗೆದು ಕೊಟ್ಟೆ.

"ಟೇಪು ಒಳಗಿಡು ಯಪ್ಪಾ. ಇದಕ್ಕ ನಾಕ್ ಬೆರಳು ಜಾಸ್ತಿ ಹಿಡಿ. ಗಂಟು ಬಿಚ್ಚಬ್ಯಾಡ."