ಒಂದೊಂದಾಗಿ ಬರ್ಲಿ ಬುಡಿ

ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಟೈಪಿಂಗ್ ಮೇಷ್ಟ್ರು ಒಬ್ಬರೇ ಇದ್ದರು. ನಾನು ಪಾಠ ಮಾಡುತ್ತಿದ್ದ ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಅವರ ಹಳೆಯ ಕಂಪ್ಯೂಟರಿನಲ್ಲಿ ಪ್ರಿಂಟ್ ಹಾಕಿಸಲು ಹೋಗುತ್ತಿದ್ದೆ. ಒಂದು ಫೈಲಿನ ಹಾಳೆ ಪೂರ್ತಿ ಹೊರಬಂದ ಮೇಲೆಯೇ ಅವರು ಮುಂದಿನದನ್ನು ತೆರೆಯುತ್ತಿದ್ದರು. ನಡುವೆಲ್ಲ ಮಾತು. "ಒಂದೊಂದಾಗಿ ಬರ್ಲಿ ಬುಡಿ, ಎಲ್ಲಿಗೆ ಓಡ್ಬೇಕು ನೀವು?" ಅವರ ಮುಖ ಈಗ ಸರಿಯಾಗಿ ನೆನಪಿಲ್ಲ; ನೆನಪಿದೆ ಎಂದರೆ ಅದು ನಾನೇ ಕಟ್ಟಿಕೊಂಡದ್ದು.

ಒಮ್ಮೆ ಅವರು ಕಾಫಿ ಮಾಡಲು ಒಳಗೆ ಹೋದಾಗ ಎಲ್ಲ ಫೈಲುಗಳನ್ನೂ ಒಟ್ಟಿಗೆ ಆರಿಸಿ ಪ್ರಿಂಟ್ ಒತ್ತಿದೆ. ಲೋಟ ಹಿಡಿದು ಬರುವಷ್ಟರಲ್ಲಿ ಹಾಳೆಗಳೆಲ್ಲ ಸಾಲಾಗಿ ಹೊರಬಂದಿದ್ದವು.

"ಇಂಗೂ ಆಯ್ತದಾ?"

"ಆಗುತ್ತೆ ಸಾರ್, ಇನ್ಮೇಲೆ ಬೇಗ ಮುಗಿಯುತ್ತೆ."

ಅವರು ಕೊನೆಯ ಹಾಳೆಯನ್ನು ಬೆಳಕಿಗೆ ಹಿಡಿದರು. "ಇದು ಮಸುಕಾಗ್ಬುಟ್ಟದೆ ಕಣ್ರೀ, ಇನ್ನೊಂದ್ಸಲ ತೆಗ್ಯವ."

ಅಕ್ಷರಗಳು ಕಪ್ಪಗೆ, ಸ್ಪಷ್ಟವಾಗಿದ್ದವು. ನಾನು ಕುರ್ಚಿ ಎಳೆದುಕೊಂಡು ಕುಳಿತೆ.