ಅಲಸಂದೆಯ ನಂಟು

ಲಾನ್ಸಿನೆ ತ್ರಾವೊರೆ ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಎಣಿಕೆಗೆ ಹೆಸರಾದ ಹುಡುಗ. ಶಾಲೆಯ ಮಾವಿನ ಮರದಲ್ಲಿ ಎಷ್ಟು ಕಾಯಿಗಳಿವೆಯೆಂದು ಉಳಿದವರು ಜಗಳವಾಡುತ್ತಿದ್ದರೆ ಅವನು ಕೊಂಬೆ ಕೊಂಬೆಯಾಗಿ ಎಣಿಸಿ ಮುಗಿಸಿರುತ್ತಿದ್ದ. ಮುಂದೆ ಅರಣ್ಯ ಕಾವಲುಗಾರನಾಗಿ ನಮ್ಮ ಊರಾದ ಕೊಬಾದುಗುವಿಗೇ ಬಂದಾಗ ಅವನಿಗೆ ಎಣಿಸಲು ಚಿಂಪಾಂಜಿಗಳು ಸಿಕ್ಕವು.

ಊರ ಹಿಂದಿನ ಗುಡ್ಡದಲ್ಲಿ, ಬೇಸಿಗೆಯಲ್ಲೂ ಬತ್ತದ ಊಟೆಯ ಸುತ್ತ ಅವುಗಳ ಗುಂಪೊಂದಿತ್ತು. ಬೆಳಕು ಹರಿಯುವಾಗ ಅವು ಒಟ್ಟಾಗಿ ಕೂಗುತ್ತಿದ್ದವು. ಆ ಕೂಗಿಗೇ ನಮ್ಮ ಹೆಂಗಸರು ಎದ್ದು, ಒನಕೆ ಹಿಡಿದು ಸಜ್ಜೆ ಕುಟ್ಟಲು ತೊಡಗುತ್ತಿದ್ದರು. ಲಾನ್ಸಿನೆ ಪ್ರತಿ ಬೇಸಿಗೆಯಲ್ಲಿಯೂ ಊಟೆಯ ಬಳಿ ಮೂರು ದಿನ ಕುಳಿತು ತಲೆ ಎಣಿಸಿ, ಪುಸ್ತಕದಲ್ಲಿ ಬರೆದು, ತಂದು ನನಗೆ ತೋರಿಸುತ್ತಿದ್ದ. ಮೊದಲ ವರ್ಷ ಮೂವತ್ತೊಂದು ಇದ್ದವು. ನಾಲ್ಕಾರು ವರ್ಷ ಹೆಚ್ಚುಕಡಿಮೆ ಅಷ್ಟೇ ಇದ್ದವು.

ಆಮೇಲೆ ಮರಿಗಳಿಗೆ ಬೇಡಿಕೆ ಬಂದಿತು. ಕಡಲಾಚೆ ಯಾರದೋ ತೋಟದಲ್ಲಿ ಅಂಗಿ ತೊಡಿಸಿ ಆಡಿಸಲು ಬೇಕಂತೆ. ಮರಿಯನ್ನು ಹಿಡಿಯಬೇಕಾದರೆ ತಾಯಿಯನ್ನು ಕೊಲ್ಲಬೇಕು, ತಾಯಿಗೆ ಅಡ್ಡ ಬಂದವುಗಳನ್ನೂ ಕೊಲ್ಲಬೇಕು. ಒಂದು ಮರಿ ಬಾಫಿಂಗ್ ನದಿ ದಾಟಿತೆಂದರೆ ಗುಡ್ಡದಲ್ಲಿ ಐದಾರು ಹೆಣಗಳು. ದಾಟಿಸುತ್ತಿದ್ದವನು ಶೇಂಗಾ ವ್ಯಾಪಾರಿ ಫಾಮೊರೊ ದ್ಯಾರಾ.

ತ್ರಾವೊರೆ ಮತ್ತು ದ್ಯಾರಾ ಮನೆತನಗಳದು ನಗೆಯ ನಂಟು, ಅಜ್ಜಂದಿರ ಅಜ್ಜಂದಿರು ಇಟ್ಟುಕೊಂಡ ಆಣೆ. ಒಬ್ಬರನ್ನೊಬ್ಬರು ಹೊಟ್ಟೆಯುಬ್ಬರಿಸುವ ಅಲಸಂದೆ ತಿನ್ನುವವನೆಂದೂ ಗುಲಾಮನೆಂದೂ ಮನಸಾರೆ ಬೈಯಬಹುದು. ಸಿಟ್ಟಾಗುವಂತಿಲ್ಲ, ಕೆಡುಕು ಮಾಡುವಂತಿಲ್ಲ, ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ತ್ರಾವೊರೆ ಮನೆಯಲ್ಲಿ ಸಾವಾದರೆ ಒಬ್ಬ ದ್ಯಾರಾ ಬಂದು ಶವದ ಮಂಚಕ್ಕೆ ಅಡ್ಡ ಮಲಗಿ, ಎಲ್ಲರನ್ನೂ ನಗಿಸಿ, ಕೇಳಿದ್ದನ್ನು ಪಡೆದು ಎದ್ದ ಮೇಲೆಯೇ ಹೆಣ ಅಂಗಳ ದಾಟಬೇಕು.

ಫಾಮೊರೊ ಮೊದಲ ಸಲ ಸಿಕ್ಕಿಬಿದ್ದದ್ದು ದೋಣಿಗಟ್ಟೆಯಲ್ಲಿ. ಶೇಂಗಾ ಮೂಟೆಯೊಂದು ಮಿಸುಕಾಡಿತು. ಲಾನ್ಸಿನೆ ಅದಕ್ಕೆ ಕೈ ಹಾಕಿದಾಗ ಫಾಮೊರೊ ಸ್ವಲ್ಪವೂ ಅಳುಕಲಿಲ್ಲ.

"ಏನೋ, ಒಡೆಯನ ಮೂಟೆಗೇ ಕೈ ಹಾಕ್ತೀಯಾ? ಅಲಸಂದೆ ವಾಸನೆ ಬಂತೇನೋ ಮೂಗಿಗೆ?"

ದೋಣಿಗಾಗಿ ಕಾದಿದ್ದವರೆಲ್ಲ ನಕ್ಕರು. ಲಾನ್ಸಿನೆಗೂ ನಗು ಬಂದುಬಿಟ್ಟಿತು. ನಕ್ಕ ಮೇಲೆ ಬೇಡಿ ಹಾಕುವುದಾದರೂ ಹೇಗೆ? ಸುದ್ದಿ ತಿಳಿದು ಲಾನ್ಸಿನೆಯ ತಾಯಿ ನಾಂತೆನಿನ್ ಏದುಸಿರು ಬಿಡುತ್ತ ದೋಣಿಗಟ್ಟೆಗೆ ಬಂದಳು.

"ಬಿಟ್ಬಿಡು ಮಗಾ. ದ್ಯಾರಾಗೆ ಬೇಡಿ ಹಾಕಿದ್ರೆ ನಾಳೆ ನನ್ನ ಮಂಚಕ್ಕೆ ಅಡ್ಡ ಮಲಗೋಕೆ ಯಾರು ಬರ್ತಾರೆ?"

ಇದೊಂದು ಸಲ ಎಂದುಕೊಂಡು ಅವನು ಫಾಮೊರೊನನ್ನು ಬಿಟ್ಟು ಮರಿಯನ್ನು ಮಾತ್ರ ಇಟ್ಟುಕೊಂಡ. ಅದು ಗಂಜಿ ಮುಟ್ಟಲಿಲ್ಲ. ನಾಂತೆನಿನ್‌ಳ ಬೆರಳನ್ನು ಹಿಡಿದುಕೊಂಡೇ ಇದ್ದು ನಾಲ್ಕನೆಯ ದಿನ ಅವಳ ಮಡಿಲಲ್ಲಿ ಸತ್ತಿತು. ಕಣಜದ ಹಿಂದೆ ಅವಳೇ ಗುಂಡಿ ತೋಡಿದಳು. ಆಮೇಲೆ ಬಂದ ಬೇಸಿಗೆಯ ಎಣಿಕೆ ಮೂವತ್ತೊಂದರಿಂದ ಹತ್ತೊಂಬತ್ತಕ್ಕೆ ಇಳಿಯಿತು.

ಮರುವರ್ಷ ಸಂತೆಯ ದಾರಿಯಲ್ಲಿ ಫಾಮೊರೊನ ಕೋಳಿಬುಟ್ಟಿಯಲ್ಲಿ ಇನ್ನೊಂದು ಮರಿ ಸಿಕ್ಕಿತು. ಫಾಮೊರೊ ಅಲಸಂದೆಯ ಮಾತು ತೆಗೆದ, ಲಾನ್ಸಿನೆಯ ತಾತನ ಹೊಟ್ಟೆಯುಬ್ಬರದ ಕಥೆ ಹೇಳಿದ, ಒಳ್ಳೆಯ ಕಥೆಯದು. ಲಾನ್ಸಿನೆ ನಗಲಿಲ್ಲ. ಅವನ ಕೈಗಳನ್ನು ಕಟ್ಟಿ, ಬುಟ್ಟಿಯೊಡನೆ ಮೋಟಾರ್ ಸೈಕಲ್ ಹತ್ತಿಸಿಕೊಂಡು ಪಟ್ಟಣದ ಠಾಣೆಗೆ ಹೊರಟ. ಹೊರಡುವ ಮುನ್ನ ನನ್ನ ಜಗಲಿಯ ಮುಂದೆ ನಿಲ್ಲಿಸಿ ಹೇಳಿದ: "ಮೇಷ್ಟ್ರೇ, ಒಂದು ಸಲ ನಕ್ಕಿದ್ದಕ್ಕೆ ಹನ್ನೆರಡು ಹೋದ್ವು."

ಒಂಬತ್ತು ದಿನಗಳಾದ ಮೇಲೆ ಫಾಮೊರೊ ಹೊಸ ಟೋಪಿ ಧರಿಸಿ ದೋಣಿಯಲ್ಲಿ ಊರಿಗೆ ಹಿಂದಿರುಗಿದ. ಯಾರೋ ದೊಡ್ಡವರು ಫೋನ್ ಮಾಡಿದ್ದರಂತೆ. ಲಾನ್ಸಿನೆ ಪಟ್ಟಣಕ್ಕೆ ಓಡಿ ಕಡತ ನೋಡಿದ. ಅದರಲ್ಲಿ 'ಸಾಕಿದ ಮಂಗ ಒಂದು, ಸತ್ತಿದೆ' ಎಂದು ಬರೆದಿತ್ತು. ಅಲ್ಲಿಯ ಅಧಿಕಾರಿ ಸಿಟ್ಟಾಗಲಿಲ್ಲ. ಕೂರಿಸಿ, ಮೂರು ಲೋಟ ಚಹಾವನ್ನೂ ಕುಡಿಸಿ, "ನೀನು ಎಣಿಸೋದ್ರಲ್ಲಿ ಜಾಣನಂತೆ. ಎಣಿಸ್ಕೊಂಡಿರಪ್ಪಾ" ಎಂದು ಬೆನ್ನು ತಟ್ಟಿ ಕಳುಹಿಸಿದನಂತೆ.

ಇತ್ತ ಊರಿನಲ್ಲಿ ದ್ಯಾರಾ ಮನೆಯವರು ಲಾನ್ಸಿನೆಯನ್ನು ಬೈಯುವುದನ್ನು ಬಿಟ್ಟರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಬಾವಿಕಟ್ಟೆಯಲ್ಲಿ ಅವನನ್ನು ಕಂಡರೆ ಪರ ಊರಿನವನನ್ನು ಕಂಡಂತೆ ಮರ್ಯಾದೆಯಿಂದ ಕ್ಷೇಮಸಮಾಚಾರ ಕೇಳುತ್ತಿದ್ದರು.

ಮಳೆಗಾಲಕ್ಕೆ ಮೊದಲು, ಆ ಬೇಸಿಗೆಯ ಎಣಿಕೆ ಆಗುವ ಮುನ್ನವೇ, ನಾಂತೆನಿನ್ ತೀರಿಕೊಂಡಳು. ಬೆಳಿಗ್ಗೆಯೇ ಮೀಯಿಸಿ, ಬಿಳಿಯ ಬಟ್ಟೆ ಸುತ್ತಿ ಅಂಗಳದಲ್ಲಿ ಮಂಚದ ಮೇಲೆ ಮಲಗಿಸಿದರು. ಇಮಾಮರು ಬಂದರು, ಗೋರಿ ಸಿದ್ಧವಾಯಿತು. ದ್ಯಾರಾ ಮನೆಗಳಿಂದ ಯಾರೂ ಬರಲಿಲ್ಲ. ಮಧ್ಯಾಹ್ನದ ನಮಾಜು ಮುಗಿಯಿತು. ಮಾವಿನ ನೆರಳು ಸರಿದು ಮಂಚದ ಮೇಲೆ ಬಿಸಿಲು ಬಿದ್ದಿತು. ತ್ರಾವೊರೆ ಹಿರಿಯರು ಲಾನ್ಸಿನೆಯ ಮುಖವನ್ನು ನೋಡುತ್ತಿದ್ದರೇ ಹೊರತು ಮಂಚವನ್ನು ಎತ್ತಲು ಯಾರೂ ಮುಂದಾಗಲಿಲ್ಲ.

ಆಗ ಫಾಮೊರೊ ಒಬ್ಬನೇ ಬಂದ. ನೇರವಾಗಿ ಬಂದು ಮಂಚದ ಮುಂದೆ ಮಣ್ಣಿನಲ್ಲಿ ಉದ್ದಕ್ಕೆ ಮಲಗಿಬಿಟ್ಟ.

"ಈ ಮುದುಕಿ ನನ್ನ ಗುಲಾಮಳು. ಒಂದು ಬೋಗುಣಿ ಅಲಸಂದೆ ಬಾಕಿ ಇಟ್ಟು, ಹೇಳದೆ ಕೇಳದೆ ಎಲ್ಲಿಗೆ ಹೊರಟ್ಲು?"

ಅಂಗಳವೆಲ್ಲ ನಕ್ಕಿತು. ಹೆಂಗಸರು ನಗುತ್ತಲೇ ಅತ್ತರು. ಲಾನ್ಸಿನೆಯ ಚಿಕ್ಕಪ್ಪ ಕಣ್ಣೊರೆಸಿಕೊಂಡು, ಕೋಳಿ ಬೇಕೋ ಜಗಿಯಲು ಕೋಲಾ ಕಾಯಿ ಬೇಕೋ ಎಂದು ಕೇಳಿದ. ಎರಡೂ ಬೇಡವೆಂದು ಫಾಮೊರೊ ಮಲಗಿದ್ದಲ್ಲಿಂದಲೇ ತಲೆಯಾಡಿಸಿದ.

"ಲಾನ್ಸಿನೆ ಇನ್ನು ಊಟೆ ಕಡೆ ಕಾಲಿಡಬಾರದು. ಅದನ್ನ ಕೊಡ್ಲಿ, ಏಳ್ತೀನಿ."

ನಗು ಅಲ್ಲಿಗೇ ನಿಂತಿತು. ಅದು ನಂಟಿನ ಮಾತಲ್ಲವೆಂದು ಹಿರಿಯರಲ್ಲೊಬ್ಬರು ಹೇಳಬಹುದಾಗಿತ್ತು. ನಾನೂ ಹೇಳಬಹುದಾಗಿತ್ತು. ಎಲ್ಲರೂ ನೆಲ ನೋಡಿದೆವು. ಬಿಳಿಯ ಬಟ್ಟೆಯ ಮೇಲೆ ನೊಣಗಳು ಕೂರತೊಡಗಿದ್ದವು. ಲಾನ್ಸಿನೆ ಟೋಪಿಯನ್ನು ತೆಗೆದು ಬೀಸಿದ. ಅವು ಎದ್ದು ಮತ್ತೆ ಅಲ್ಲಿಯೇ ಕುಳಿತವು. ಸ್ವಲ್ಪ ಹೊತ್ತು ಬೀಸುತ್ತಲೇ ಇದ್ದ. ಆಮೇಲೆ ಟೋಪಿಯನ್ನು ಧರಿಸಿಕೊಂಡು, "ಏಳೋ ಗುಲಾಮ" ಎಂದ.

ಫಾಮೊರೊ ಎದ್ದು, ಮೈಯ ಮಣ್ಣನ್ನು ಕೊಡವಿಕೊಂಡು, ಮಂಚದ ಮುಂದಿನ ಕಾಲಿಗೆ ತಾನೇ ಹೆಗಲು ಕೊಟ್ಟ.

ಲಾನ್ಸಿನೆ ಈಗಲೂ ಸಮವಸ್ತ್ರ ತೊಡುತ್ತಾನೆ. ದೋಣಿಗಟ್ಟೆಯಲ್ಲಿ ಸೌದೆ ಹೊರೆಗಳ ರಸೀದಿ ನೋಡುತ್ತಾನೆ. ದ್ಯಾರಾ ಮನೆಯವರು ಮತ್ತೆ ಅವನನ್ನು ಬಾಯಿ ತುಂಬ ಬೈಯುತ್ತಾರೆ, ಅವನೂ ತಿರುಗಿ ಬೈಯುತ್ತಾನೆ. ಎಣಿಕೆಯ ಪುಸ್ತಕವನ್ನು ನನಗೆ ಕೊಟ್ಟಿದ್ದಾನೆ. ಹತ್ತೊಂಬತ್ತು ಎಂದು ಬರೆದ ಸಾಲಿನ ಕೆಳಗೆ ಏನೂ ಇಲ್ಲ.

ಆಮೇಲೆ ಎರಡು ಬೇಸಿಗೆ ಕಳೆದವು. ಕೆಲವೊಮ್ಮೆ ಬೆಳಕು ಹರಿಯುವಾಗ ಅವನು ನನ್ನ ಜಗಲಿಗೆ ಬಂದು ಕೂರುತ್ತಾನೆ. ನನ್ನ ಮನೆ ಊರಿನ ಕೊನೆಯದು, ಗುಡ್ಡಕ್ಕೆ ಹತ್ತಿರ.

"ಮೇಷ್ಟ್ರೇ, ಇವತ್ತೇನಾದ್ರೂ ಕೂಗು ಕೇಳಿಸ್ತಾ?"

ಕಿವಿ ಮಂದವಾಗಿದೆಯಪ್ಪಾ ಎನ್ನುತ್ತೇನೆ. ನನ್ನ ಕಿವಿ ಚೆನ್ನಾಗಿಯೇ ಇದೆ.